ಪಕ್ಕದ ಸೀಟಿನ ಬ್ರೇಕ್

ಹೆಂಗಸರ ಜೈಲು
ಮಾರ್ಚ್ 4

ಅತ್ತೆಗೆ ನಮಸ್ಕಾರ.

ಚೆನ್ನಾಗಿದ್ದೇನೆ ಎಂದು ಬರೆದು ಶುರು ಮಾಡೋಣ ಅಂತ ಪೆನ್ನು ಹಿಡಿದೆ, ಕೈ ಬರಲಿಲ್ಲ. ಚೆನ್ನಾಗಿಲ್ಲ, ಆದರೆ ಇದ್ದೇನೆ. ಸದ್ಯಕ್ಕೆ ಇಷ್ಟು ಸಾಕು.

ನಮ್ಮ ಕೋಣೆಯಲ್ಲಿ ಆರು ಜನ. ನನ್ನ ಜಾಗ ಬಾಗಿಲ ಪಕ್ಕ. ಗಾಳಿ ಬರುತ್ತದೆ, ಅದರ ಜೊತೆಗೆ ಬಚ್ಚಲಿನ ವಾಸನೆಯೂ ಬರುತ್ತದೆ. ಹಗಲು ಹೊಲಿಗೆ ಶೆಡ್ಡಿನಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳ ಅಂಚು ಮಡಚಿ ಹೊಲಿಯುವ ಕೆಲಸ. ಹೊಸಬರು ಬಂದರೆ ಎಲ್ಲರೂ ಮೊದಲು ಕೇಳುವುದು "ಏನ್ ಮಾಡ್ದೆ?" ಅಂತ. "ಲೈಸೆನ್ಸ್ ಇಲ್ದೆ ಕಾರ್ ಓಡಿಸ್ದೆ" ಅಂದೆ. ನಕ್ಕುಬಿಟ್ಟರು. "ಅಷ್ಟಕ್ಕೆಲ್ಲ ಒಳಗೆ ಹಾಕಿದ್ರೆ ಊರೇ ಖಾಲಿ ಆಗ್ಬಿಡುತ್ತೆ ಬಿಡು" ಅಂದಳು ಒಬ್ಬಳು. ಒಬ್ಬ ಮನುಷ್ಯ ಸತ್ತ ಅಂತ ಆಮೇಲೆ ಹೇಳಿದೆ. ನಗು ನಿಂತಿತು.

ನನಗೆ ಇನ್ನೂ ಅರ್ಥವಾಗುತ್ತಿಲ್ಲ, ಅತ್ತೆ. ನನ್ನ ಹತ್ತಿರ ಕಲಿಯುವವರ ಲೈಸೆನ್ಸ್ ಇತ್ತು. ಕಾರಿಗೆ ಎಲ್ ಬೋರ್ಡ್ ಇತ್ತು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ ನೀವೇ ಪಕ್ಕದಲ್ಲಿ ಕೂತಿದ್ದಿರಿ. ಇನ್ನೇನು ಬೇಕು ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತವರ ಲೈಸೆನ್ಸ್ ಅಮಾನತಿನಲ್ಲಿದ್ದರೆ ಕಲಿಯುವವರ ಲೈಸೆನ್ಸಿಗೂ ಬೆಲೆಯಿಲ್ಲ, ಅದು ಲೈಸೆನ್ಸೇ ಇಲ್ಲದೆ ಓಡಿಸಿದ್ದಕ್ಕೆ ಸಮ ಎಂದು ನ್ಯಾಯಾಧೀಶರು ಓದಿದಾಗಲೇ ನನಗೆ ತಿಳಿದದ್ದು.

"ಇವರ ಲೈಸೆನ್ಸ್ ಅಮಾನತಾಗಿದ್ದು ನಿಮಗೆ ಗೊತ್ತಿತ್ತಾ?" ಅಂತ ಕೇಳಿದಾಗ ನಾನು "ಗೊತ್ತಿತ್ತು" ಅಂದೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಗೊತ್ತಿರಲಿಲ್ಲ ಅಂದರೆ ನಿಮ್ಮನ್ನು ಅಲ್ಲಿಂದಲೇ ಎಳೆದುಕೊಂಡು ಹೋಗುತ್ತಾರೆ ಅಂತ ಭಯವಾಯಿತು. ಇದು ಟ್ರಾಫಿಕ್ ಕೇಸು, ಒಪ್ಪಿಕೊಂಡರೆ ದಂಡ ಹಾಕಿ ಬಿಡುತ್ತಾರೆ, ನನ್ನ ಮಗಳು ಗುಬ್ಬಿಯ ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಇರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಎರಡು ವರ್ಷ ಅಂದರು. ನಿಮಗೆ ದಂಡ ಹಾಕಿ ಡ್ರೈವಿಂಗ್ ಸ್ಕೂಲಿನ ಪರವಾನಗಿ ಕಿತ್ತುಕೊಂಡರು, ಅಷ್ಟರಮಟ್ಟಿಗೆ ಉಳಿಯಿತು.

ಗುಬ್ಬಿಗೆ ಏನು ಹೇಳಿದ್ದೀರಿ? ಏನೇ ಹೇಳಿ, ಇಲ್ಲಿಗೆ ಕರೆತರಬೇಡಿ. ಅಪ್ಪನ ಮುಖವಂತೂ ಅವಳಿಗೆ ನೆನಪಿಲ್ಲ. ಅಮ್ಮನ ಮುಖ ಈ ಬಟ್ಟೆಯಲ್ಲಿ ನೆನಪಿರುವುದು ಬೇಡ.

ನಿಮ್ಮ ಸೊಸೆ


ಮನೆ
ಮಾರ್ಚ್ 15

ಮಗಳೇ,

ನಿನ್ನ ಪತ್ರ ಓದಿ ತಲೆಯ ಮೇಲೆ ಕೈ ಹೊತ್ತು ಕೂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನನ್ನಮ್ಮ ಹೇಳುತ್ತಿದ್ದಳು. ನೀನು ಇಡೀ ದಿನಕ್ಕೆ ನಾಲ್ಕು ಮಾತಾಡುವವಳು. ಅದರಲ್ಲಿ ಒಂದನ್ನು ಕೋರ್ಟಿನಲ್ಲಿ ಹೀಗೆ ಹಾಳು ಮಾಡಬೇಕಿತ್ತಾ, ಮಾರಾಯ್ತಿ? ನಾನು ಬಾಯಿ ತೆರೆಯುವಷ್ಟರಲ್ಲಿ ಆ ಗುಮಾಸ್ತ ಬರೆದುಕೊಂಡಾಗಿತ್ತು. ಇಲ್ಲ, ಅದೂ ಸುಳ್ಳು. ತೆರೆಯಬಹುದಿತ್ತು. ತೆರೆಯಲಿಲ್ಲ.

ಲೈಸೆನ್ಸ್ ನವೀಕರಣಕ್ಕೆ ಹೋದವಳು ಡಾಕ್ಟರ ಕೋಣೆಯಲ್ಲೇ ಫಿಟ್ಸ್ ಬಂದು ಬಿದ್ದೆ. ನಿನಗೆ ಮಾತ್ರ "ಆಫೀಸಲ್ಲಿ ಕಂಪ್ಯೂಟರ್ ಕೆಟ್ಟಿದೆಯಂತೆ, ಆಮೇಲೆ ಬನ್ನಿ ಅಂದ್ರು" ಅಂದೆ. ಓಡಿಸಬೇಡಿ ಅಂತ ಕಾಗದ ಬಂತು. ನಿನ್ನಾಣೆ, ಅವತ್ತಿನಿಂದ ಸ್ಟಿಯರಿಂಗ್ ಮುಟ್ಟಲಿಲ್ಲ. ನಿನ್ನನ್ನು ತಯಾರು ಮಾಡಿದರೆ ಸ್ಕೂಲು ನೀನು ನಡೆಸುತ್ತೀಯ, ನಾನು ಕೌಂಟರಿನಲ್ಲಿ ಕೂರುತ್ತೇನೆ ಅಂತಲೇ ಅಷ್ಟು ಅವಸರದಲ್ಲಿ ನಿನಗೆ ಕಲಿಸಲು ಕೂತದ್ದು. ಕಲಿಯುವವರ ಪಕ್ಕ ಲೈಸೆನ್ಸ್ ಇರುವವರು ಕೂತಿರಬೇಕು ಎಂಬ ನಿಯಮ ನನಗೆ ಬಾಯಿಪಾಠ. ನನ್ನ ಲೈಸೆನ್ಸ್ ಪರ್ಸಿನಲ್ಲೇ ಇತ್ತಲ್ಲ! ಓಡಿಸಬೇಡ ಅಂದರೇ ಹೊರತು ಅದನ್ನು ಇತ್ತ ಕೊಡು ಅಂತ ಯಾರೂ ಕೇಳಿರಲಿಲ್ಲ. ಕೈಗೆ ನಿಷೇಧ, ಬಾಯಿಗಿಲ್ಲ ಅಂದುಕೊಂಡೆ. ಇಷ್ಟು ವರ್ಷ "ಬ್ರೇಕ್, ಬ್ರೇಕ್" ಅಂತ ಕಿರುಚಿ ಕಿರುಚಿ ಬ್ರೇಕಮ್ಮ ಅಂತ ಹೆಸರು ಮಾಡಿದವಳಿಗೆ ತಾನು ಕೂತ ಸೀಟಿನ ಕಾನೂನು ಅರ್ಥವಾಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ನಮ್ಮ ಕಥೆ.

ನಮ್ಮ ಸ್ಕೂಲಿನ ಬೋರ್ಡು ಇಳಿಸಿದೆ. ಗೋಡೆಯ ಮೇಲೆ ಅದರ ಜಾಗ ಮಾತ್ರ ಬೆಳ್ಳಗೆ ಉಳಿದಿದೆ. ಕಾರು ಪೊಲೀಸ್ ಠಾಣೆಯ ಹಿತ್ತಲಲ್ಲಿ ಟೈರು ಇಳಿದು ನಿಂತಿದೆ. ವಿಮೆಯವರು ಕೈ ತೊಳೆದುಕೊಂಡರು. ನನ್ನ ಹತ್ತಿರ ಕಲಿತ ಜನ ಎದುರು ಬಂದರೆ ರಸ್ತೆ ದಾಟಿ ಆ ಕಡೆ ಹೋಗುತ್ತಾರೆ, ಅದೂ ನಾನು ಕಲಿಸಿದ ಹಾಗೆ ಎರಡೂ ಕಡೆ ನೋಡಿಕೊಂಡು. ಕೆಳಗಿನ ಇಸ್ತ್ರಿ ಅಂಗಡಿಯಾಕೆ ಒಬ್ಬಳೇ ಮೊದಲಿನ ಹಾಗೆ ಮಾತಾಡಿಸುವುದು.

ಗುಬ್ಬಿಗೆ, ಅಮ್ಮ ದೂರದಲ್ಲಿ ಹೊಲಿಗೆ ಕೆಲಸಕ್ಕೆ ಹೋಗಿದ್ದಾಳೆ ಅಂದಿದ್ದೇನೆ. ಪೂರ್ತಿ ಸುಳ್ಳಲ್ಲವಲ್ಲ.

ನಿನ್ನ ಅತ್ತೆ


ಹೆಂಗಸರ ಜೈಲು
ಏಪ್ರಿಲ್ 2

ಅತ್ತೆಗೆ ನಮಸ್ಕಾರ.

ಪತ್ರ ತಲುಪಿತು. ಗುಬ್ಬಿಗೆ ಹೇಳಿದ ಮಾತು ಒಳ್ಳೆಯದಾಯಿತು. ಅವಳಿಗೆ ಸ್ಕೂಲಿನ ಕಪ್ಪು ಬೂಟು ಬಿಗಿಯಾಗುತ್ತಿತ್ತು, ನೋಡಿ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದರೂ ಅವಳು ಹೇಳುವುದಿಲ್ಲ.

ಒಂದು ವಿಷಯ ಕೇಳಬೇಕು. ಕೇಳಬಾರದು ಅಂತ ಇಷ್ಟು ದಿನ ನಾಲಿಗೆ ಕಚ್ಚಿಕೊಂಡಿದ್ದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಾಲ ಕೆಳಗೆ ಪೆಡಲ್ ಇರುತ್ತದಲ್ಲ, ಬೇರೆ ಏನೂ ತಲೆಗೆ ಬರುವುದಿಲ್ಲ.

ಅವತ್ತು ಬೆಳಿಗ್ಗೆ ಆ ಬೇಕರಿಯ ಮನುಷ್ಯ ರಾತ್ರಿ ಕೆಲಸ ಮುಗಿಸಿ ಬರುತ್ತಿದ್ದರು. ನಿಂತಿದ್ದ ಬಸ್ಸಿನ ಮುಂದಿನಿಂದ ರಸ್ತೆಗೆ ಇಳಿದರು. ನಾನು ನೋಡಿದೆ. ಬ್ರೇಕ್ ಒತ್ತಿದೆ ಅಂತಲೇ ತಿಳಿದೆ, ಆದರೆ ಕಾಲು ಆಕ್ಸಿಲರೇಟರ್ ಮೇಲಿತ್ತು. ಕಾರು ಮುಂದಕ್ಕೆ ಹಾರಿತು. ನನ್ನ ಕಾಲು ತಪ್ಪಿದ್ದು ಅದೇ ಮೊದಲಲ್ಲ. ಮಾರ್ಕೆಟ್ಟಿನ ಮುಂದೆ ತಪ್ಪಿತ್ತು, ಸೇತುವೆಯ ಹತ್ತಿರ ತಪ್ಪಿತ್ತು. ಪ್ರತಿ ಸಲವೂ ಕಾರು ತಾನೇ ನಿಂತಿತ್ತು, ಯಾಕೆಂದರೆ ನಿಮ್ಮ ಸೀಟಿನ ಕೆಳಗೂ ಒಂದು ಬ್ರೇಕ್ ಇತ್ತು, ಅದರ ಮೇಲೆ ನಿಮ್ಮ ಕಾಲಿತ್ತು. ಆಮೇಲೆ ನಿಮ್ಮ ಬೈಗುಳ ಬರುತ್ತಿತ್ತು. ಅವತ್ತು ಕಾರು ನಿಲ್ಲಲಿಲ್ಲ. ನೀವು ಬೈಯಲೂ ಇಲ್ಲ.

ಅತ್ತೆ, ಅವತ್ತು ನೀವು ಯಾಕೆ ಸುಮ್ಮನಿದ್ದಿರಿ?

ತಪ್ಪು ನಿಮ್ಮ ಮೇಲೆ ಹೊರಿಸಲು ಕೇಳುತ್ತಿಲ್ಲ. ಕಾಲು ನನ್ನದೇ. ತಿಳಿದುಕೊಳ್ಳಬೇಕು ಅಷ್ಟೇ.

ನಿಮ್ಮ ಸೊಸೆ


ಮನೆ
ಏಪ್ರಿಲ್ 20

ಮಗಳೇ,

ಹೊಸ ಬೂಟು ತಂದೆ. ಹಳೆಯದರೊಳಗೆ ಅವಳ ಹೆಬ್ಬೆರಳು ಮಡಚಿಕೊಂಡಿತ್ತು. ನೀನು ಹೇಳಿದ್ದು ಸರಿ, ಬಾಯಿ ಬಿಡುವ ಜಾತಿಯಲ್ಲ ಅದು, ನಿನ್ನದೇ ಪಡಿಯಚ್ಚು. ಮುಂದಿನ ಎರಡು ಹಲ್ಲು ಬಿದ್ದಿವೆ. ನಕ್ಕರೆ ಕಿಟಕಿ ತೆರೆದ ಹಾಗೆ ಕಾಣುತ್ತದೆ. ಸ್ಕೂಲಿನಲ್ಲಿ ಅಕ್ಷರ ಕೂಡಿಸಿ ಓದಲು ಶುರು ಮಾಡಿದ್ದಾಳೆ. ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾ ಬರುತ್ತಾಳೆ, ಮೀಸೆ ಬಂದ ಗಂಡಸರೂ ತಿರುಗಿ ನೋಡಿ ನಗುತ್ತಾರೆ.

ಇಸ್ತ್ರಿ ಅಂಗಡಿಯಾಕೆ ದಿನಕ್ಕೆ ಎರಡು ಸಲ ಮೇಲೆ ಬಂದು ಇಣುಕಿ ಹೋಗುತ್ತಾಳೆ. ಬೇಡ ಅಂದರೂ ಕೇಳುವುದಿಲ್ಲ. ನನ್ನ ಮೊಣಕೈ ಹತ್ತಿರ ಸ್ವಲ್ಪ ಸುಟ್ಟಿದೆ, ಏನಿಲ್ಲ, ಟೀ ಪಾತ್ರೆ ತಗುಲಿತು. ಗುಬ್ಬಿ ಭಾರೀ ಚುರುಕು. ಒಲೆ ಆರಿಸುವುದನ್ನು ಕಲಿತುಬಿಟ್ಟಿದ್ದಾಳೆ. ಸ್ಟೂಲ್ ಎಳೆದುಕೊಂಡು ಹತ್ತಿ ನಾಬ್ ತಿರುಗಿಸಿ ಇಳಿಯುತ್ತಾಳೆ, ದೊಡ್ಡವರು ಮಾಡಿದಷ್ಟೇ ನೀಟಾಗಿ.

ನೀನು ಊಟ ಬಿಡಬೇಡ. ಅಲ್ಲಿಯದು ಹೇಗೇ ಇರಲಿ, ಕಣ್ಣು ಮುಚ್ಚಿಕೊಂಡು ತಿನ್ನು. ಮಳೆ ಹಿಡಿಯುವ ಹಾಗಿದೆ, ಬಟ್ಟೆ ಒಳಗೆ ತೆಗೆಯಬೇಕು, ನಿಲ್ಲಿಸುತ್ತೇನೆ.

ನಿನ್ನ ಅತ್ತೆ


ಹೆಂಗಸರ ಜೈಲು
ಮೇ 1

ಅತ್ತೆಗೆ,

ಆರು ವರ್ಷದ ಮಗು ಒಲೆ ಆರಿಸುವುದನ್ನು ಯಾಕೆ ಕಲಿಯಬೇಕಾಯಿತು?

ನಾನು ಕೇಳಿದ್ದನ್ನು ಬಿಟ್ಟು ಊರಿನದೆಲ್ಲ ಬರೆದಿದ್ದೀರಿ. ಇರಲಿ. ಇದಕ್ಕಾದರೂ ಉತ್ತರ ಕೊಡಿ. ನಿಮಗೆ ಮತ್ತೆ ಫಿಟ್ಸ್ ಬರುತ್ತಿದೆಯಾ? ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಬೇಗ ಬರೆಯಿರಿ.

ನಿಮ್ಮ ಸೊಸೆ


ಮನೆ
ಮೇ 18

ಮಗಳೇ,

ಬರುತ್ತಿದೆ. ಮಾತ್ರೆ ನುಂಗಿದರೂ ಬರುತ್ತಿದೆ. ಡಾಕ್ಟರು ಬೇರೆ ಮಾತ್ರೆ ಕೊಟ್ಟರು, ಅದಕ್ಕೂ ಬಗ್ಗಲಿಲ್ಲ. ಕೆಲವು ಸಲ ಬಿದ್ದು ಒದ್ದಾಡುತ್ತೇನಂತೆ. ಕೆಲವು ಸಲ ಬೀಳುವುದೂ ಇಲ್ಲ, ಕೂತಲ್ಲೇ ಕಣ್ಣು ತೆರೆದುಕೊಂಡು ಕಲ್ಲಾಗುತ್ತೇನಂತೆ. ಹೇಳಿದ್ದು ಗುಬ್ಬಿ. ನನಗೆ ತಿಳಿಯುವುದು ಎದ್ದ ಮೇಲೆಯೇ. ಎಚ್ಚರವಾದಾಗ ತಲೆಯ ಕೆಳಗೆ ದಿಂಬು ಇರುತ್ತದೆ, ಒಲೆ ಆರಿರುತ್ತದೆ, ಅವಳು ಪಕ್ಕದಲ್ಲಿ ನನ್ನ ಬೆರಳು ಹಿಡಿದು ಕೂತಿರುತ್ತಾಳೆ. "ಅಜ್ಜಿ, ಮುಗೀತಾ?" ಅಂತ ಕೇಳುತ್ತಾಳೆ. ಆ ಮಗು ನನ್ನ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದೆ. ಆಟ ಬಿಟ್ಟಿದೆ.

ಈಗ ನೀನು ಕೇಳಿದ್ದು. ಬಣ್ಣದಂಗಡಿ ದಾಟಿದ್ದು ನನಗೆ ನೆನಪಿದೆ. ಆಮೇಲೆ ಜನ ಕಾರಿನ ಬಾಗಿಲು ಬಡಿಯುತ್ತಿದ್ದದ್ದು ನೆನಪಿದೆ. ನಡುವೆ ಏನೂ ಇಲ್ಲ. ಬಸ್ಸು ಇಲ್ಲ, ಆ ಮನುಷ್ಯ ಇಲ್ಲ, ನೀನೂ ಇಲ್ಲ. ಎದೆ ಒಡೆದು ಹಾಗಾಯಿತು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಕಣ್ಣು ತೆರೆದುಕೊಂಡು ಕಲ್ಲಾಗುತ್ತೀಯ ಅಂತ ಗುಬ್ಬಿ ಹೇಳಿದ ದಿನ ತಿಳಿಯಿತು. ನೀನು ಕಾಲು ತಪ್ಪಿಸಿದಾಗ ನಿನ್ನ ಪಕ್ಕ ಯಾರೂ ಇರಲಿಲ್ಲ, ಮಗಳೇ. ಒಂದು ಹೆಂಗಸಿನ ಗೊಂಬೆ ಕೂತಿತ್ತು.

ಸರ್ಕಾರ ಕೊಟ್ಟ ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು "ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ?" ಅಂದರು. ನಿನಗೆ ಏನೂ ಗೊತ್ತಿರಲಿಲ್ಲ, ಕಾಯಿಲೆ ಮುಚ್ಚಿಟ್ಟದ್ದು ನಾನು ಅಂತ ಮೇಲಿನ ಕೋರ್ಟಿನಲ್ಲಿ ಹೇಳಿಕೆ ಕೊಟ್ಟರೆ ನೀನು ಹೊರಗೆ ಬರಬಹುದಂತೆ. ನಾನು ಒಳಗೆ ಹೋಗಬೇಕಾಗುತ್ತದೆ. ಹೋಗುತ್ತೇನೆ. ಮಾಡಿದ್ದುಣ್ಣೋ ಮಹರಾಯ.

ನಿನ್ನ ಅತ್ತೆ


ಹೆಂಗಸರ ಜೈಲು
ಮೇ 27

ಅತ್ತೆ,

ಬೇಡ. ಹೇಳಿಕೆ ಕೊಡಬೇಡಿ. ಈ ಕಾಯಿಲೆ ಇಟ್ಟುಕೊಂಡು ನೀವು ಇಲ್ಲಿ ಬದುಕುವುದಿಲ್ಲ. ನಮ್ಮ ಕೋಣೆಯ ನೆಲ ಸಿಮೆಂಟಿನದು. ಕೂಗಿದರೆ ಬರುವವರು ಗೇಟಿನಾಚೆ ಇರುತ್ತಾರೆ, ಬೀಗದ ಕೈ ಇನ್ಯಾರದೋ ಸೊಂಟದಲ್ಲಿರುತ್ತದೆ. ಗುಬ್ಬಿಯನ್ನು ಇಸ್ತ್ರಿ ಅಂಗಡಿಯವರ ಹತ್ತಿರ ಬಿಡಿ, ನೀವು ಆಸ್ಪತ್ರೆಗೆ ಸೇರಿ. ನಾನು ಮುಗಿಸಿ ಬರುತ್ತೇನೆ.

ಇಷ್ಟು ಬರೆದು ಪತ್ರ ಮಡಚಿದ್ದೆ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ತುಂಬಾ ಇದೆ. "ಫಿಟ್ಸ್ ಬಂತು ಕಣೇ" ಅಂತ ಒಂದು ಮಾತು ಅವತ್ತು ಮನೆಗೆ ಬಂದು ಹೇಳಿದ್ದರೆ ಆ ಬೇಕರಿಯ ಮನುಷ್ಯ ಇವತ್ತು ಬೆಳಿಗ್ಗೆ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದರು. ನಿಮ್ಮ ಮಗ ತೀರಿಹೋದ ದಿನದಿಂದ ನೀವು ನನಗೆ ತಾಯಿಗಿಂತ ಹೆಚ್ಚಾಗಿ ನಡೆದುಕೊಂಡಿರಿ, ಅದನ್ನೂ ಮರೆತಿಲ್ಲ. ಎರಡೂ ಒಟ್ಟಿಗೆ ಇವೆ, ಏನು ಮಾಡಲಿ.

ಬೇಡ ಅಂತ ಮೇಲೆ ಬರೆದಿದ್ದೇನೆ. ಆದರೆ ನನಗೆ ಮನೆಗೆ ಹೋಗಬೇಕು, ಅತ್ತೆ. ನನಗೆ ನನ್ನ ಮಗು ಬೇಕು.

ನಿಮ್ಮ ಸೊಸೆ


ಮನೆ
ಆಗಸ್ಟ್ 12

ಅತ್ತೆಗೆ ನಮಸ್ಕಾರ.

ನೀವು ಕೂತು ಬರೆಯುತ್ತಿದ್ದ ಮೇಜಿನ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ನೀವು ಇರುವುದು ನಾನಿದ್ದ ಕಡೆ. ಬಾಗಿಲ ಪಕ್ಕದ ಜಾಗ ಸಿಕ್ಕಿತಾ? ವಾಸನೆ ಬಂದರೂ ಅದನ್ನೇ ಕೇಳಿ, ಗಾಳಿ ಇರುತ್ತದೆ.

ಅವತ್ತು ಕೋರ್ಟಿನಲ್ಲಿ ನಿಮ್ಮ ಹತ್ತಿರ ಮಾತಾಡಲು ಬಿಡಲಿಲ್ಲ. ನಿಮ್ಮನ್ನು ಆ ಕಡೆಯ ಬಾಗಿಲಿಂದ ಕರೆದುಕೊಂಡು ಹೋದರು, ನನ್ನನ್ನು ಈ ಕಡೆಯಿಂದ ಬಿಟ್ಟರು. ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ನ್ಯಾಯಾಧೀಶರು ನನ್ನನ್ನು ಚೆನ್ನಾಗಿ ಬೈದರು. ಅನುಭವಿಸಿದಷ್ಟು ಶಿಕ್ಷೆ ಸಾಕು ಅಂದರು. ಇನ್ನು ಐದು ವರ್ಷ ಯಾವ ಲೈಸೆನ್ಸಿಗೂ ಅರ್ಜಿ ಹಾಕುವಂತಿಲ್ಲ ಅಂದರು. ಕೊಡುತ್ತೇನೆ ಅಂದರೂ ನನಗೆ ಬೇಡ. ನಿಮಗೆ ಎರಡೂವರೆ ವರ್ಷ ಅಂದಾಗ ನೀವು ತಲೆ ಅಲ್ಲಾಡಿಸಿದ್ದು ಕಂಡಿತು. ಯಾರಾದರೂ ಸರಿಯಾಗಿ ಗೇರ್ ಹಾಕಿದರೆ ಹಾಗೇ ಅಲ್ಲಾಡಿಸುತ್ತಿದ್ದಿರಿ.

ಹೊರಗೆ ಮೆಟ್ಟಿಲ ಮೇಲೆ ಬೇಕರಿಯವರ ಹೆಂಡತಿ ನಿಂತಿದ್ದರು. ಕಾಲಿಗೆ ಬೀಳಬೇಕು ಅನ್ನಿಸಿತು, ಹತ್ತಿರ ಹೋದೆ. "ಯಾರ ತಪ್ಪು ಅಂತ ನೀವು ನೀವೇ ತೀರ್ಮಾನ ಮಾಡ್ಕೊಳ್ಳಿ" ಅಂದರು. "ನಂಗೆ ಇನ್ನೊಂದ್ಸಲ ಕೆಲಸಕ್ಕೆ ರಜ ಹಾಕಿ ಬರೋಕಾಗಲ್ಲ." ಬಸ್ಸು ಬಂತು, ಹತ್ತಿ ಹೋದರು.

ಗುಬ್ಬಿಯನ್ನು ಕರೆದುಕೊಳ್ಳಲು ಇಸ್ತ್ರಿ ಅಂಗಡಿಗೆ ಹೋದೆ. ಮಡಚಿಟ್ಟ ಬಟ್ಟೆಗಳ ಹಿಂದೆ ಹೋಗಿ ನಿಂತಳು. ಹಲ್ಲು ಬರುತ್ತಿವೆ. ಎತ್ತರವಾಗಿದ್ದಾಳೆ. "ಅಮ್ಮ ಬಂದ್ಲು ನೋಡು" ಅಂತ ಅಂಗಡಿಯಾಕೆ ಹೇಳಿದರೆ ಅವಳು ನನ್ನ ಹಿಂದೆ ಮೆಟ್ಟಿಲ ಕಡೆ ನೋಡಿದಳು. "ಅಜ್ಜಿ ಎಲ್ಲಿ?" ಅಂದಳು. ಮನೆಗೆ ಬಂದು ಊಟಕ್ಕೆ ಕೂತಾಗ ಬಹಳ ಮರ್ಯಾದೆಯಿಂದ ಕೇಳಿದಳು, "ನೀವು ಯಾವಾಗ ವಾಪಸ್ ಹೋಗ್ತೀರಿ?" ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ನಿಮ್ಮ ಸೊಸೆ


ಹೆಂಗಸರ ಜೈಲು
ಸೆಪ್ಟೆಂಬರ್ 3

ಮಗಳೇ,

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ ಕಟ್ಟಿದವರಿಗೆ ಜೈಲಿನ ವಿಷಯ ಹೊಳೆದಿರಲಿಕ್ಕಿಲ್ಲ. ಬಾಗಿಲ ಪಕ್ಕದ ಜಾಗ ಸಿಕ್ಕಿದೆ. ಹೊಲಿಗೆ ಶೆಡ್ಡಿನಲ್ಲಿ ನನಗೆ ಯಂತ್ರ ಕೊಡುವುದಿಲ್ಲ, ಫಿಟ್ಸ್ ಬಂದರೆ ಸೂಜಿ ಕೈಗೆ ಇಳಿಯುತ್ತದೆ ಅಂತ. ದಾರ ಕತ್ತರಿಸಿ ಜೋಡಿಸುವ ಕೆಲಸ ಕೊಟ್ಟಿದ್ದಾರೆ. ನೀನು ಹೊಲಿದ ಬೆಡ್‌ಶೀಟು ತೋರಿಸಿ "ನಿನ್ ಸೊಸೆ ಕೈ ನೋಡಜ್ಜಿ, ಒಂದು ಎಳೆ ಆಚೀಚೆ ಇಲ್ಲ" ಅನ್ನುತ್ತಾರೆ. ರಸ್ತೆಯಲ್ಲಿ ಮಾತ್ರ ನೀನು ಗೆರೆ ಬಿಟ್ಟು ಹೋಗುತ್ತಿದ್ದೆ ಅಂತ ನಾನು ಹೇಳಲು ಹೋಗಲಿಲ್ಲ.

ಮಗುವಿನ ವಿಷಯದಲ್ಲಿ ಅವಸರ ಬೇಡ. ಕ್ಲಚ್ ಒಮ್ಮೆಲೇ ಬಿಟ್ಟರೆ ಗಾಡಿ ಎಗರಿ ನಿಲ್ಲುತ್ತದೆ ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೆ. ಅಪ್ಪಿಕೊಳ್ಳಲು ಹೋಗಬೇಡ, ಹತ್ತಿರ ಕೂತಿರು. ಹಾಲಿಗೆ ಸಕ್ಕರೆ ಹಾಕಿ ಅವಳೇ ಕಲಕಬೇಕು, ನೀನು ಕಲಕಿದರೆ ಕುಡಿಯುವುದಿಲ್ಲ. ಎಡ ಮಗ್ಗುಲಿಗೆ ಮಲಗುತ್ತಾಳೆ.

ಒಮ್ಮೆ ಕರೆದುಕೊಂಡು ಬಾ. ತೋರಿಸಬಾರದು ಅಂತ ನೀನು ಹೇಳಿದ್ದು ಗೊತ್ತು. ನನಗೆ ಅಷ್ಟು ಗಟ್ಟಿ ಎದೆ ಇಲ್ಲ.

ನಿನ್ನ ಅತ್ತೆ


ಮನೆ
ಅಕ್ಟೋಬರ್ 29

ಅತ್ತೆಗೆ ನಮಸ್ಕಾರ.

ಗುಬ್ಬಿಯನ್ನು ನಿಮ್ಮ ಹತ್ತಿರ ಕರೆತಂದದ್ದು ತಪ್ಪಾಯಿತು. ನಿಮ್ಮ ತಪ್ಪಲ್ಲ, ನನಗೂ ಕರೆತರಬೇಕು ಅನ್ನಿಸಿತ್ತು. ನೀವು ಬಿದ್ದು ಹಣೆಗೆ ಆದ ಆ ಗಾಯವನ್ನು ಜಾಲರಿಯಾಚೆ ನೋಡಿದ್ದಾಳೆ. ಮನೆಗೆ ಬಂದ ಮೇಲೆ "ಅಲ್ಲಿ ಅಜ್ಜಿಗೆ ದಿಂಬು ಯಾರು ಇಡ್ತಾರೆ?" ಅಂತ ಕೇಳಿದಳು. ಜೊತೆಯವರು ಇಡುತ್ತಾರೆ ಅಂದೆ. "ಅವರಿಗೆ ಗೊತ್ತಾಗಲ್ಲ" ಅಂದಳು.

ಆಮೇಲೆ ಶುರುವಾಯಿತು. ಊಟ ಇಳಿಯುವುದಿಲ್ಲ. ನಾನು ಒಲೆಯ ಮುಂದೆ ನಿಂತರೆ ಸ್ಟೂಲ್ ತಂದು ಪಕ್ಕದಲ್ಲಿ ನಿಲ್ಲುತ್ತಾಳೆ, ನಾನೂ ಬೀಳುತ್ತೇನೆ ಅಂತ. ದೊಡ್ಡವರೆಲ್ಲ ಬೀಳುತ್ತಾರೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಒಂದು ಮಧ್ಯಾಹ್ನ ಸ್ಕೂಲಿನ ಗೇಟಿನಿಂದ ತಪ್ಪಿಸಿಕೊಂಡು ಹೆದ್ದಾರಿಯಲ್ಲಿ ನಿಮ್ಮ ಕಡೆ ನಡೆದುಕೊಂಡು ಹೋಗುತ್ತಿದ್ದಳು. ನನ್ನ ಜೊತೆ ಬಸ್ಸಿನಲ್ಲಿ ಬಂದ ದಾರಿ, ಬೋರ್ಡು ಓದಿ ಓದಿ ಗುರುತಿಟ್ಟುಕೊಂಡಿದ್ದಾಳೆ. ಇಸ್ತ್ರಿ ಅಂಗಡಿಯಾಕೆಯ ಗಂಡ ಕಂಡು ಕರೆತಂದರು. ಬೈದೆ, ಬೇಡಿಕೊಂಡೆ, ಜೊತೆಗೆ ಮಲಗಿಸಿಕೊಂಡೆ. ಮೊನ್ನೆ ಮತ್ತೆ ಹೋದಳು. ಈ ಸಲ ಲಾರಿಯ ಮುಂದೆಯೇ ಇಳಿದಿದ್ದಾಳೆ. ಲಾರಿಯವನು ಬ್ರೇಕ್ ಒತ್ತಿ, ಗಾಡಿ ಅಡ್ಡ ತಿರುಗಿ, ಅವಳ ಮುಂದೆ ಕೈಯಳತೆಯಲ್ಲಿ ನಿಂತಿತಂತೆ. ಅವನೇ ಎತ್ತಿಕೊಂಡು ಬಂದ. "ನಿಮ್ಗೆ ಮಕ್ಕಳನ್ನ ನೋಡ್ಕೊಳ್ಳೋಕೆ ಬರಲ್ವೇನಮ್ಮ" ಅಂದ.

ಲಾಂಡ್ರಿಯಲ್ಲಿ ನನಗೆ ಕೆಲಸ ಸಿಕ್ಕಿದೆ, ಬೆಳಗಿನಿಂದ ಸಂಜೆವರೆಗೆ. ಸ್ಕೂಲಿನವರು ಇನ್ನು ನಮ್ಮಿಂದ ಕಾಯಲು ಆಗುವುದಿಲ್ಲ ಅಂದಿದ್ದಾರೆ. ಬಾಗಿಲಿಗೆ ಬೀಗ ಹಾಕಿ ಹೋದರೆ ಕಿಟಕಿಯ ಸರಳು ಹಿಡಿದು ಕಿರುಚುತ್ತಾಳೆ. ಮೂರನೆಯ ಸಲ ಲಾರಿ ನಿಲ್ಲುತ್ತದಾ, ಅತ್ತೆ? ನಿಲ್ಲದಿದ್ದರೆ ಏನಾಗುತ್ತದೆ ಅಂತ ನಮ್ಮಿಬ್ಬರಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತು. ಏನು ಮಾಡಲಿ, ಹೇಳಿ.

ನಿಮ್ಮ ಸೊಸೆ


ಹೆಂಗಸರ ಜೈಲು
ನವೆಂಬರ್ 10

ಮಗಳೇ,

ನಾನು ಸತ್ತೆ ಅಂತ ಹೇಳಿಬಿಡು.

ಸಿಟ್ಟಿನಲ್ಲಿ ಬರೆದದ್ದಲ್ಲ, ಯೋಚಿಸಿಯೇ ಬರೆದಿದ್ದೇನೆ. ನಾನು ಇರುವಷ್ಟು ದಿನ ಅವಳು ನಡೆಯುತ್ತಾಳೆ. ನಿನ್ನ ಮಗಳು ಹಟಮಾರಿ, ಬೀಗಕ್ಕೂ ಬಗ್ಗುವುದಿಲ್ಲ, ಬೈಗುಳಕ್ಕೂ ಬಗ್ಗುವುದಿಲ್ಲ. ಅಜ್ಜಿ ಹೋದಳು ಅಂದರೆ ಅಳುತ್ತಾಳೆ, ಜ್ವರ ಬರುತ್ತದೆ, ನಾಲ್ಕು ದಿನ ಊಟ ಬಿಡುತ್ತಾಳೆ. ಆಮೇಲೆ ಮಕ್ಕಳು ಆಟಕ್ಕೆ ಇಳಿಯುತ್ತವೆ. ಇಳಿಯಲೇಬೇಕು, ಇಲ್ಲದಿದ್ದರೆ ಪ್ರಪಂಚ ನಡೆಯುತ್ತದಾ?

ಏನು ಹೇಳಬೇಕು ಅಂತ ತಡಬಡಾಯಿಸಬೇಡ. ನಿದ್ದೆಯಲ್ಲಿ ಹೋದರು ಅನ್ನು. ನೋವಾಗಲಿಲ್ಲ ಅನ್ನು. ಅಷ್ಟು ಸುಳ್ಳು ಹೇಳಲು ಕಷ್ಟವೇನೂ ಆಗಬಾರದು. ಕೋರ್ಟಿನಲ್ಲಿ ನನಗೋಸ್ಕರ ಒಂದು ಹೇಳಿದವಳು ನೀನು, ಅವಳಿಗೋಸ್ಕರ ಒಂದು ಹೇಳು.

ಇಲ್ಲಿ ರಾತ್ರಿ ಎಚ್ಚರವಾದಾಗೆಲ್ಲ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತದೆ. ನಿನ್ನ ಪತ್ರ ಬಂದ ಮೇಲೆ ಒಂದೊಂದು ಲಾರಿ ಹೋದಾಗಲೂ ಎದ್ದು ಕೂರುತ್ತಿದ್ದೇನೆ. ತಡ ಮಾಡಬೇಡ.

ನಿನ್ನ ಅತ್ತೆ


ಮನೆ
ಡಿಸೆಂಬರ್ 6

ಅತ್ತೆಗೆ ನಮಸ್ಕಾರ.

ಹೇಳಿದೆ.

ಸ್ಕೂಲಿನಿಂದ ಕರೆದುಕೊಂಡು ಬಂದು, ಮುಖ ತೊಳೆಸಿ, ಮಂಚದ ಮೇಲೆ ಕೂರಿಸಿಕೊಂಡು ಹೇಳಿದೆ. ಇಸ್ತ್ರಿ ಅಂಗಡಿಯಾಕೆಗೂ ಹೇಳಿಟ್ಟಿದ್ದೆ. ಅವರು ಬಂದು ಬಾಗಿಲಲ್ಲಿ ನಿಂತು ಅತ್ತರು. ಅಳಬೇಕು ಅಂತ ನಾವು ಮಾತಾಡಿಕೊಂಡಿರಲಿಲ್ಲ.

ಅಳುತ್ತಾಳೆ ಅಂತ ನೀವು ಬರೆದಿದ್ದಿರಿ, ಅವಳು ಅಳಲಿಲ್ಲ. ನನ್ನ ಮುಖ ನೋಡಿದಳು. "ಹಾಗಾದ್ರೆ ಅಜ್ಜಿ ಇನ್ಮೇಲೆ ಬೀಳಲ್ವಾ?" ಅಂದಳು. ಇಲ್ಲ ಅಂದೆ. "ಒಂದ್ಸಲನೂ?" ಅಂದಳು. ಒಂದ್ಸಲನೂ ಇಲ್ಲ ಅಂದೆ. ಅದನ್ನು ಕೇಳಿ ಅವಳ ಭುಜ ಇಳಿಯಿತು, ಅತ್ತೆ. ದೊಡ್ಡವರು ಹೊರೆ ಇಳಿಸಿದ ಹಾಗೆ ಉಸಿರು ಬಿಟ್ಟಳು. ಆಮೇಲೆ ಹಸಿವಾಗ್ತಿದೆ ಅಂದಳು. ತಟ್ಟೆ ಪೂರ್ತಿ ತಿಂದಳು. ಅಳು ಬಂದದ್ದು ಮಾರನೆಯ ದಿನ, ಆಗ ನಿಲ್ಲಿಸಲು ಆಗಲಿಲ್ಲ. ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. "ಅಮ್ಮ, ನೀನು ಎಲ್ಲೂ ಹೋಗ್ಬೇಡ" ಅಂತ ಹೇಳಿ ಹೇಳಿ ಅಲ್ಲೇ ನಿದ್ದೆ ಹೋದಳು. ನಾನು ಬಂದ ಮೇಲೆ ಅವಳಾಗಿಯೇ ನನ್ನ ಮೈ ಮುಟ್ಟಿ ಮಲಗಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಬರೆಯಲು ನಾಚಿಕೆಯಾಗುತ್ತದೆ.

ಅವಳು ಈಗ ಹೆದ್ದಾರಿಯ ಕಡೆ ತಿರುಗಿಯೂ ನೋಡುವುದಿಲ್ಲ. ಮೊನ್ನೆ ಕೆಳಗಿನ ಮಕ್ಕಳ ಜೊತೆ ಆಡಿ ಮೊಣಕಾಲು ತರಚಿಕೊಂಡು ಬಂದಳು.

ನನಗೆ ಇನ್ನು ಪತ್ರ ಬರೆಯಬೇಡಿ. ಅಂಚೆಯವರು ಮೆಟ್ಟಿಲು ಹತ್ತಿದರೆ ಮೊದಲು ಓಡುವವಳು ಅವಳೇ, ನಿಮ್ಮ ಅಕ್ಷರ ಅವಳಿಗೆ ಗೊತ್ತು. ನಾನೂ ಬರೆಯುವುದಿಲ್ಲ. ಮಾತ್ರೆ ಬಿಡಬೇಡಿ. ಚಳಿ ಬಂದಿದೆ, ಆಫೀಸಿನಲ್ಲಿ ಇನ್ನೊಂದು ಕಂಬಳಿ ಕೇಳಿ, ಎರಡು ಸಲ ಕೇಳಿದರೆ ಕೊಡುತ್ತಾರೆ.

ಬಿಡುಗಡೆಯಾದ ಮೇಲೆ ಎಲ್ಲಿಗೆ ಹೋಗುತ್ತೀರಿ ಅಂತ ಕೇಳುವ ಧೈರ್ಯ ನನಗಿಲ್ಲ. ಎಲ್ಲಿಗಾದರೂ ಹೋಗಿ, ಅತ್ತೆ. ಮನೆಗೆ ಮಾತ್ರ ಬರಬೇಡಿ.

ನಿಮ್ಮ ಸೊಸೆ